ಒಳಗೆ ಏನಿದೆ ಅಂತ ಗೊತ್ತಾಗದೆ ನಾಯಿಯ ಹೊಟ್ಟೆ ತೆರೆಯಬಹುದಾ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಮಾವಿನ ತೋಟದಲ್ಲೇ ಮನೆ. ನಮ್ಮ ಲ್ಯಾಬ್ರಡಾರ್ ಬ್ರೂನೊಗೆ ಐದು ವರ್ಷ. ಮೂರು ದಿನದಿಂದ ತಿಂದದ್ದೆಲ್ಲ ವಾಂತಿ ಮಾಡುತ್ತಿದ್ದಾನೆ. ಈಗ ನೀರೂ ನಿಲ್ಲುತ್ತಿಲ್ಲ. ನಿನ್ನೆಯಿಂದ ಕಕ್ಕಸು ಆಗಿಲ್ಲ. ಕೋಲಾರದಲ್ಲಿ ಎಕ್ಸ್‌ರೇ ತೆಗೆಸಿದೆವು. ಕರುಳು ಉಬ್ಬಿದೆ, ಆದರೆ ಏನು ಸಿಕ್ಕಿಕೊಂಡಿದೆ ಅಂತ ಕಾಣುತ್ತಿಲ್ಲ ಅಂದರು. ಸ್ಕ್ಯಾನ್‌ನಲ್ಲೂ ಅನುಮಾನ ಅಷ್ಟೇ. ಹೊಟ್ಟೆ ತೆರೆದು ನೋಡಬೇಕು ಅಂತ ಡಾಕ್ಟರ್ ಹೇಳುತ್ತಿದ್ದಾರೆ. ಏನಿದೆ ಅಂತಲೇ ಗೊತ್ತಿಲ್ಲದೆ ಕುಯ್ಯೋದು ಸರಿನಾ? ಮನೆಯ ಹಿರಿಯರು ಹರಳೆಣ್ಣೆ ಕುಡಿಸಿ ಎರಡು ದಿನ ನೋಡೋಣ ಅಂತಾರೆ. ಮಾಡಿಸಲೇಬೇಕು ಅಂದರೆ ಕೋಲಾರದಲ್ಲೇ ಆಗುತ್ತಾ, ಬೆಂಗಳೂರಿಗೆ ಹೋಗಬೇಕಾ?

ಉತ್ತರ: ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಟೈಮ್ ಇಲ್ಲ. ಹರಳೆಣ್ಣೆ ಬೇಡವೇ ಬೇಡ. ಎರಡು ದಿನ ಕಾಯುವುದೂ ಬೇಡ. ನೀರೂ ನಿಲ್ಲದ ನಾಯಿಯನ್ನು ಇವತ್ತೇ ಡ್ರಿಪ್ ಹಾಕುವ ಕಡೆ ಸೇರಿಸಿ. ರಕ್ತ ಪರೀಕ್ಷೆ ಮಾಡಿಸಿ, ಇನ್ನೊಂದು ಎಕ್ಸ್‌ರೇ ತೆಗೆಸಿ. ಅದರಲ್ಲೂ ಕರುಳು ಹಾಗೇ ಉಬ್ಬಿದ್ದರೆ ಆಪರೇಷನ್‌ಗೆ ಒಪ್ಪಿಕೊಳ್ಳಿ. ಉಳಿದದ್ದನ್ನು ದಾರಿಯಲ್ಲಿ ಓದಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಡಾಕ್ಟರಿಗೇ ಏನೂ ಗೊತ್ತಾಗಿಲ್ಲ, ಅದಕ್ಕೇ ಕುಯ್ದು ನೋಡುತ್ತಾರೆ ಅಂತ ನಿಮಗೆ ಅನಿಸಿದೆ. ಮನೆಮಗುವಿನ ಹಾಗೆ ಸಾಕಿದ ಪ್ರಾಣಿಯ ವಿಷಯದಲ್ಲಿ ಆ ಭಯ ಬರುವುದು ಸಹಜ. ಆದರೆ ಹೊಟ್ಟೆ ತೆರೆದು ನೋಡುವುದೂ ಒಂದು ಪರೀಕ್ಷೆಯೇ. ಎಕ್ಸ್‌ರೇ ತೋರಿಸುವುದು ನೆರಳನ್ನು. ಸ್ಕ್ಯಾನ್ ಶಬ್ದದ ಅಲೆಗಳಿಂದ ಚಿತ್ರ ಕಟ್ಟುತ್ತದೆ, ನಡುವೆ ಗ್ಯಾಸ್ ಬಂದರೆ ಅದರ ಹಿಂದಿನದು ಕಾಣುವುದಿಲ್ಲ. ಬ್ರೂನೊನ ಕರುಳಿನಲ್ಲಿ ಈಗ ತುಂಬಿರುವುದೇ ಗ್ಯಾಸ್. ಹೊಟ್ಟೆ ತೆರೆದರೆ ಕರುಳನ್ನು ಕಣ್ಣಾರೆ ಕಂಡು, ಬೆರಳಲ್ಲಿ ಮುಟ್ಟಿ ಹೇಳಬಹುದು. ಸಿಕ್ಕಿದ್ದನ್ನು ಅಲ್ಲೇ ಸರಿಮಾಡಲೂಬಹುದು.

ಆಪರೇಷನ್‌ಗೆ ಮುಂಚೆ ಡಾಕ್ಟರ್ ತೀರ್ಮಾನಿಸಲೇಬೇಕಾದ್ದು ಎರಡು ವಿಷಯ. ಚಾಕು ಇಲ್ಲದೆ ವಾಸಿಯಾಗುವ ಕಾಯಿಲೆ ಇದಾಗಿರಬಹುದಾ? ಕಾದರೆ ನಾಯಿಗೆ ಆಗುವ ನಷ್ಟ ಎಷ್ಟು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಸಾಕು. ಒಳಗಿರುವುದು ಮಾವಿನ ಓಟೆಯೋ, ಮೂಳೆಯೋ, ಬಟ್ಟೆಯೋ ಅನ್ನುವುದು ಹೊಟ್ಟೆ ತೆರೆದ ಮೇಲೆ ಗೊತ್ತಾದರೂ ನಡೆಯುತ್ತದೆ.

ಕಾಯುವುದರಿಂದ ಆಗುವ ನಷ್ಟವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರುಳಿಗೆ ಏನಾದರೂ ಅಡ್ಡ ಬಂದರೆ ಅದರ ಮೇಲಿನ ಭಾಗದಲ್ಲಿ ನೀರು, ಗ್ಯಾಸ್ ತುಂಬಿಕೊಳ್ಳುತ್ತವೆ. ನಾಯಿ ವಾಂತಿ ಮಾಡುತ್ತಲೇ ಇರುತ್ತದೆ. ವಾಂತಿಯ ಜೊತೆ ಬರೀ ನೀರು ಹೋಗುವುದಿಲ್ಲ, ಪೊಟ್ಯಾಸಿಯಂ, ಕ್ಲೋರೈಡ್‌ನಂಥ ಲವಣಗಳೂ ಹೋಗುತ್ತವೆ. ಪೊಟ್ಯಾಸಿಯಂ ಕಮ್ಮಿಯಾದರೆ ಸುಸ್ತು ಜಾಸ್ತಿ, ಹೃದಯದ ಬಡಿತವೂ ಏರುಪೇರಾಗಬಹುದು. ಇತ್ತ ಕರುಳಿನ ಗೋಡೆ ಹಿಗ್ಗುತ್ತಾ ಹೋಗುತ್ತದೆ. ಮೊದಲು ಒತ್ತಡಕ್ಕೆ ಸಿಗುವುದು ತೆಳು ಗೋಡೆಯ ರಕ್ತನಾಳಗಳು. ಬಂದ ರಕ್ತ ವಾಪಸ್ ಹೋಗಲಾರದೆ ಗೋಡೆ ಊದಿಕೊಳ್ಳುತ್ತದೆ. ಆಮೇಲೆ ಒಳಕ್ಕೆ ಬರುವ ರಕ್ತವೂ ನಿಲ್ಲುತ್ತದೆ. ತಿಳಿ ಗುಲಾಬಿ ಬಣ್ಣದ ಕರುಳು ಕಡುಗೆಂಪಾಗಿ, ಕೊನೆಗೆ ಕಪ್ಪಾಗುತ್ತದೆ. ಕಪ್ಪಾಯಿತು ಅಂದರೆ ಸತ್ತಿತು ಅಂತ. ಅಲ್ಲಿ ತೂತು ಬೀಳುತ್ತದೆ, ಕರುಳಿನ ಕೊಳೆ ಹೊಟ್ಟೆಯೊಳಗೆ ಸೋರುತ್ತದೆ, ಇಡೀ ಹೊಟ್ಟೆಗೆ ಸೋಂಕು ಹಬ್ಬುತ್ತದೆ.

ಉಳಿಸಬಹುದಾದ ಕರುಳಿಗೂ ಸತ್ತ ಕರುಳಿಗೂ ನಡುವೆ ಇರುವುದು ಕೆಲವೊಮ್ಮೆ ಒಂದೇ ದಿನದ ಅಂತರ. ಬೇಗ ತೆರೆದರೆ ಕರುಳಿನಲ್ಲಿ ಒಂದು ಚಿಕ್ಕ ಸೀಳು ಮಾಡಿ, ಸಿಕ್ಕಿದ್ದನ್ನು ತೆಗೆದು ಹೊಲಿಯಬಹುದು. ತಡವಾದರೆ ಸತ್ತ ಭಾಗವನ್ನೇ ಕತ್ತರಿಸಿ ಎರಡು ತುದಿಗಳನ್ನು ಸೇರಿಸಬೇಕಾಗುತ್ತದೆ. ಸೋಂಕು ಹಬ್ಬಿದ್ದರೆ ಹೊಟ್ಟೆಯನ್ನೆಲ್ಲ ತೊಳೆದು, ದಿನಗಟ್ಟಲೆ ಆಸ್ಪತ್ರೆಯಲ್ಲೇ ಇಡಬೇಕು. ಖರ್ಚು ಏರುತ್ತದೆ, ಬದುಕುವ ಅವಕಾಶ ಇಳಿಯುತ್ತದೆ. ಹಿರಿಯರು ಹೇಳುವ ಆ ಎರಡು ದಿನಕ್ಕೆ ನಾನು ಇಷ್ಟು ಹೆದರುವುದು ಇದಕ್ಕೇ.

ಶ್ರೀನಿವಾಸಪುರ, ಲ್ಯಾಬ್ರಡಾರ್, ತೋಟದ ಮನೆ. ಇಷ್ಟು ಕೇಳಿದ ಕೂಡಲೇ ಯಾವ ಪಶುವೈದ್ಯರಿಗಾದರೂ ಮೊದಲು ಹೊಳೆಯುವುದು ಮಾವಿನ ಓಟೆ. ನಮ್ಮ ಕಡೆ ಮೇ ತಿಂಗಳಿಂದ ಜುಲೈವರೆಗೆ ಬಾದಾಮಿ, ರಸಪುರಿ, ತೋತಾಪುರಿ ಅಂತ ಒಂದಾದ ಮೇಲೊಂದು ನೆಲಕ್ಕೆ ಬೀಳುತ್ತಲೇ ಇರುತ್ತವೆ. ಲ್ಯಾಬ್ರಡಾರ್ ಜಾತಿಗೆ ತಿನ್ನುವ ಆಸೆ ಜಾಸ್ತಿ, ಅಗಿಯುವ ತಾಳ್ಮೆ ಕಮ್ಮಿ. ಹಣ್ಣಿನ ವಾಸನೆಗೆ ಓಟೆಯನ್ನೂ ನುಂಗಿಬಿಡುತ್ತವೆ. ಮರದಂಥ ಆ ಓಟೆ ಹೊಟ್ಟೆಯ ಆಮ್ಲಕ್ಕೆ ಕರಗುವುದಿಲ್ಲ.

ಎಕ್ಸ್‌ರೇಯಲ್ಲಿ ಅದು ಯಾಕೆ ಕಾಣಲಿಲ್ಲ ಅಂತ ಕೇಳಬಹುದು. ಲೋಹ, ಕಲ್ಲು, ಮೂಳೆ ಬೆಳ್ಳಗೆ ಎದ್ದು ಕಾಣುತ್ತವೆ. ಓಟೆ, ಜೋಳದ ದಿಂಡು, ಬಟ್ಟೆ, ತೆಳು ಪ್ಲಾಸ್ಟಿಕ್ ಹಾಗಲ್ಲ. ಅವು ಸುತ್ತಲಿನ ಕರುಳಿನ ನೆರಳಿನಲ್ಲೇ ಸೇರಿಹೋಗುತ್ತವೆ. ಹಾಗಾಗಿ ನಾವು ವಸ್ತುವನ್ನು ಹುಡುಕುವುದಕ್ಕಿಂತ ಕರುಳಿನ ಅಗಲವನ್ನು ಅಳೆಯುತ್ತೇವೆ. ಸೊಂಟದ ಐದನೇ ಬೆನ್ನುಮೂಳೆಯ ಎತ್ತರವನ್ನು ಅಳತೆಗೆ ಇಟ್ಟುಕೊಳ್ಳುತ್ತೇವೆ. ಸಣ್ಣ ಕರುಳಿನ ಅಗಲ ಅದರ 1.6 ಪಟ್ಟು ಮೀರಿದರೆ ಅಡ್ಡಿ ಇರುವ ಅನುಮಾನ ಬಲವಾಗುತ್ತದೆ. ಕರುಳಿನ ಒಂದು ಭಾಗ ಉಬ್ಬಿ, ಇನ್ನೊಂದು ಭಾಗ ಮಾಮೂಲಾಗಿದ್ದರೆ ಇನ್ನೂ ಬಲ. ಕರುಳು ಉಬ್ಬಿದೆ ಅಂತ ನಿಮ್ಮ ಡಾಕ್ಟರ್ ಒಂದೇ ಮಾತಿನಲ್ಲಿ ಹೇಳಿದರಲ್ಲ, ಅದರ ಹಿಂದೆ ಇಷ್ಟು ಲೆಕ್ಕ ಇರುತ್ತದೆ. ಅವರು ಸುಮ್ನೆ ಊಹೆ ಮಾಡುತ್ತಿಲ್ಲ.

ಇನ್ನೊಂದು ಮಾತು. ಅವನು ಮಾವಿನ ಹಣ್ಣು ತಿಂದು ತಿಂಗಳಾಯಿತು, ಅದಾಗಿರಲಿಕ್ಕಿಲ್ಲ ಅಂತ ಕೆಲವರು ಹೇಳುತ್ತಾರೆ. ಓಟೆ ಜಠರದಲ್ಲಿ ವಾರಗಟ್ಟಲೆ ಸುಮ್ಮನೆ ಕೂತಿರಬಹುದು. ಯಾವಾಗಲೋ ಒಮ್ಮೆ ವಾಂತಿ, ಮತ್ತೆ ಸರಿ. ಒಂದು ದಿನ ಅದು ಜಾರಿ ಸಣ್ಣ ಕರುಳಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಆಗ ನಿಮ್ಮ ಬ್ರೂನೊನ ಸ್ಥಿತಿ ಬರುತ್ತದೆ. ಜಠರದಲ್ಲೇ ಇದ್ದರೆ ಎಂಡೋಸ್ಕೋಪ್ ಅನ್ನುವ ಕ್ಯಾಮೆರಾ ಕೊಳವೆ ಹಾಕಿ ಬಾಯಿಯಿಂದಲೇ ತೆಗೆಯಲು ಪ್ರಯತ್ನಿಸಬಹುದು. ದೊಡ್ಡ ಓಟೆ ಜಾರುತ್ತದೆ, ಎಲ್ಲ ಸಲ ಹಿಡಿತಕ್ಕೆ ಸಿಗುವುದಿಲ್ಲ. ಸಣ್ಣ ಕರುಳಿನೊಳಗೆ ಇಳಿದ ಮೇಲಂತೂ ಎಂಡೋಸ್ಕೋಪ್ ಅಲ್ಲಿಗೆ ತಲುಪುವುದಿಲ್ಲ.

ಹಾಗಂತ ವಾಂತಿ ಮಾಡುವ ನಾಯಿಗಳನ್ನೆಲ್ಲ ಆಪರೇಷನ್ ಟೇಬಲ್ ಮೇಲೆ ಮಲಗಿಸಬಾರದು. ಚಾಕು ಬೇಡದ ಕಾಯಿಲೆಗಳು ಬೇಕಾದಷ್ಟಿವೆ. ಮರಿಗಳಲ್ಲಿ ಪಾರ್ವೊ ವೈರಸ್. ದೊಡ್ಡ ನಾಯಿಗಳಲ್ಲಿ ಪ್ಯಾಂಕ್ರಿಯಾಸ್ ಊತ, ಹೆಚ್ಚಾಗಿ ಕೊಬ್ಬಿನ ಊಟ ತಿಂದ ಮೇಲೆ ಬರುತ್ತದೆ. ಕಿಡ್ನಿ ಸೋಲುವುದು, ಇಲಿಜ್ವರ, ಅಡ್ರಿನಲ್ ಗ್ರಂಥಿ ಸೊರಗುವ ಅಡಿಸನ್ ಕಾಯಿಲೆ ಇವೆಲ್ಲವೂ ವಾಂತಿಯ ರೂಪದಲ್ಲೇ ಬರುತ್ತವೆ. ಇವನ್ನು ಹೊರಗಿಡಲು ರಕ್ತ ಪರೀಕ್ಷೆ ಬೇಕು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಕ್ತ ಪರೀಕ್ಷೆ ತಪ್ಪಿಸಲೇಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿ ರಕ್ತ ಹೀರುವ ಉಣ್ಣೆ ಹುಳದ ಕಾಟ ಜಾಸ್ತಿ. ಹಸು, ಕುರಿ ಇರುವ ಮನೆಯ ನಾಯಿಯ ಕಿವಿ ಎತ್ತಿ ನೋಡಿದರೆ ಒಂದೆರಡಾದರೂ ಸಿಗುತ್ತವೆ. ಉಣ್ಣೆಯಿಂದ ಬರುವ ಎರ್ಲಿಕಿಯಾ ಸೋಂಕಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ. ಬೆಬೀಸಿಯಾ ಸೋಂಕು ಕೆಂಪು ರಕ್ತಕಣಗಳನ್ನೇ ಒಡೆದುಹಾಕುತ್ತದೆ. ಎಷ್ಟೋ ಸಲ ಹೊರಗಿನಿಂದ ನೋಡಿದರೆ ನಾಯಿ ಚೆನ್ನಾಗೇ ಇರುತ್ತದೆ. ಹೊಟ್ಟೆ ತೆರೆದ ಮೇಲೆ ರಕ್ತ ನಿಲ್ಲದಿದ್ದರೆ ಆಗ ಏನು ಮಾಡುವುದು? ಪ್ಲೇಟ್‌ಲೆಟ್ ಎಣಿಕೆ ನೋಡದೆ ಚಾಕು ಎತ್ತಬೇಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಎಣಿಕೆ ತೀರಾ ಕಮ್ಮಿ ಇದ್ದರೆ ರಕ್ತ ಕೊಡಲು ಇನ್ನೊಂದು ಆರೋಗ್ಯವಂತ ನಾಯಿಯನ್ನು ಸಿದ್ಧವಾಗಿ ಇಟ್ಟುಕೊಳ್ಳಬೇಕು.

ಹೊಟ್ಟೆಯಲ್ಲಿ ನೀರು ಸೇರಿದೆ ಅಂತ ಸ್ಕ್ಯಾನ್ ಹೇಳಿದರೆ ಅದನ್ನು ಸೂಜಿಯಲ್ಲಿ ತೆಗೆದು ನೋಡಬೇಕು. ಆ ನೀರಿನ ಸಕ್ಕರೆ ಅಂಶ ರಕ್ತದ ಸಕ್ಕರೆಗಿಂತ ಡೆಸಿಲೀಟರಿಗೆ 20 ಮಿಲಿಗ್ರಾಂಗೂ ಜಾಸ್ತಿ ಕೆಳಗಿದ್ದರೆ, ಒಳಗೆ ಬ್ಯಾಕ್ಟೀರಿಯಾ ಸೇರಿ ಸಕ್ಕರೆ ತಿನ್ನುತ್ತಿವೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಆಗ ಚರ್ಚೆಗೆ ಜಾಗವಿಲ್ಲ, ಅದು ತುರ್ತು ಆಪರೇಷನ್. ಎಕ್ಸ್‌ರೇಯಲ್ಲಿ ಕರುಳಿನ ಹೊರಗೆ ಗಾಳಿ ಕಂಡರೂ ಅಷ್ಟೇ.

ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುವ ಪದ್ಧತಿಯೂ ಇದೆ. ಕರುಳು ತೂತಾಗಿರುವ ಅನುಮಾನ ಇದ್ದರೆ ಅದು ಬೇಡ. ಬೇರಿಯಂ ಹೊಟ್ಟೆಯೊಳಗೆ ಸೋರಿದರೆ ಇರುವ ಸೋಂಕಿನ ಮೇಲೆ ಇನ್ನೊಂದು ಉರಿಯೂತ.

ಎಲ್ಲಕ್ಕಿಂತ ಮುಖ್ಯವಾದ, ಆದರೆ ಜನ ಕೇಳದೇ ಇರುವ ಒಂದು ವಿಷಯ ಹೇಳುತ್ತೇನೆ. ಆಪರೇಷನ್‌ಗೆ ಸ್ವಲ್ಪ ಮುಂಚೆ ಇನ್ನೊಂದು ಎಕ್ಸ್‌ರೇ ತೆಗೆಸಿ. ಡ್ರಿಪ್ ಏರಿದ ಮೇಲೆ ಕೆಲವು ನಾಯಿಗಳಲ್ಲಿ ಸಿಕ್ಕಿಕೊಂಡದ್ದು ತಾನಾಗೇ ಮುಂದಕ್ಕೆ ಸರಿಯುತ್ತದೆ. ದೊಡ್ಡ ಕರುಳನ್ನು ತಲುಪಿದರೆ ಸಾಮಾನ್ಯವಾಗಿ ಕಕ್ಕಸಿನಲ್ಲಿ ಹೊರಗೆ ಬರುತ್ತದೆ, ಕುಯ್ಯುವ ಕೆಲಸವೇ ಇರುವುದಿಲ್ಲ. ನಿನ್ನೆಯ ಎಕ್ಸ್‌ರೇ ನಂಬಿಕೊಂಡು ಇವತ್ತು ಹೊಟ್ಟೆ ತೆರೆಯಬಾರದು.

ಮನೆಮದ್ದಿನ ಬಗ್ಗೆ ಕೇಳಿದ್ದೀರಿ. ಹರಳೆಣ್ಣೆ ಕರುಳನ್ನು ಜೋರಾಗಿ ಹಿಂಡುತ್ತದೆ. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ತಳ್ಳಿದರೆ ಕರುಳು ಹರಿಯಬಹುದು. ಮೆಡಿಕಲ್ ಸ್ಟೋರಿನಲ್ಲಿ ವಾಂತಿಗೆ ಅಂತ ಕೊಡುವ ಪೆರಿನಾರ್ಮ್ ಮಾತ್ರೆಯೂ ಜಠರ ಮತ್ತು ಮೇಲಿನ ಕರುಳಿನ ಚಲನೆ ಹೆಚ್ಚಿಸುತ್ತದೆ. ಅಡ್ಡಿ ಇರುವ ಅನುಮಾನದಲ್ಲಿ ಅದನ್ನು ಕೊಡಬಾರದು. ವಾಂತಿ ನಿಲ್ಲಿಸುವ ಬೇರೆ ಇಂಜೆಕ್ಷನ್‌ಗಳು ವಾಂತಿಯನ್ನೇನೋ ನಿಲ್ಲಿಸುತ್ತವೆ, ಅಡ್ಡಿ ಅಲ್ಲೇ ಇರುತ್ತದೆ. ನಾಯಿ ಸುಧಾರಿಸಿತು ಅಂತ ನಾವು ಒಂದು ದಿನ ಕಳೆದುಕೊಳ್ಳುತ್ತೇವೆ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವವರಿದ್ದಾರೆ. ಅದರಿಂದ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬಂದು ಸತ್ತ ನಾಯಿಗಳಿವೆ. ನಮ್ಮ ಮೈಕೈ ನೋವಿನ ಮಾತ್ರೆಗಳಾದ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ. ಬೆಕ್ಕಿಗಂತೂ ಅರ್ಧ ಪ್ಯಾರಾಸಿಟಮಾಲ್ ಮಾತ್ರೆಯೂ ಪ್ರಾಣ ತೆಗೆಯಬಹುದು. ಈಗಾಗಲೇ ಇವುಗಳಲ್ಲಿ ಏನಾದರೂ ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಬೈಯುತ್ತಾರೆ ಅಂತ ಹಿಂಜರಿಯಬೇಡಿ. ಅರಿವಳಿಕೆ ಕೊಡುವವರಿಗೆ ಆ ಮಾಹಿತಿ ಬೇಕೇ ಬೇಕು.

ಇನ್ನು ಆಪರೇಷನ್. ನಮ್ಮ ಜಿಲ್ಲೆ ಹಾಲಿನ ಜಿಲ್ಲೆ. ಪ್ಲಾಸ್ಟಿಕ್ ತಿಂದ ಹಸುವಿನ ಹೊಟ್ಟೆಯನ್ನು ಕೊಟ್ಟಿಗೆಯಲ್ಲೇ ತೆರೆದು ಬುಟ್ಟಿಗಟ್ಟಲೆ ತೆಗೆದದ್ದನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಹಸು ನಿಂತೇ ಇರುತ್ತದೆ, ಎಡ ಪಕ್ಕೆಗೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟಿರುತ್ತಾರೆ. ಅದನ್ನು ಕಂಡವರು, ನಾಯಿಗೂ ಮನೆಗೇ ಬಂದು ಮಾಡಿ ಸಾರ್ ಅಂತ ಕೇಳುವುದುಂಟು. ನಾಯಿಗೆ ಹಾಗೆ ಆಗುವುದಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸಬೇಕು, ಹೊಟ್ಟೆ ಮೇಲೆ ಮಾಡಿ ಮಲಗಿಸಬೇಕು. ಗಂಟಲಿಗೆ ಟ್ಯೂಬ್ ಹಾಕಬೇಕು, ಯಾಕೆಂದರೆ ಅಡ್ಡಿ ಇರುವ ನಾಯಿಯ ಜಠರದಲ್ಲಿ ನೀರು ತುಂಬಿರುತ್ತದೆ, ಅದು ಉಕ್ಕಿ ಶ್ವಾಸಕೋಶಕ್ಕೆ ಹೋದರೆ ಆಪರೇಷನ್ ಗೆದ್ದರೂ ನ್ಯುಮೋನಿಯಾದಲ್ಲಿ ಸೋಲುತ್ತೇವೆ. ಹೊಟ್ಟೆ ತೆರೆದಿರುವಾಗ ಮೈ ಬೇಗ ತಣ್ಣಗಾಗುತ್ತದೆ, ಬೆಚ್ಚಗಿಡುವ ವ್ಯವಸ್ಥೆ ಬೇಕು.

ಗಾಯ ನೀವು ಅಂದುಕೊಂಡದ್ದಕ್ಕಿಂತ ಉದ್ದವಾಗಿರುತ್ತದೆ, ಎದೆಗೂಡಿನ ಕೊನೆಯಿಂದ ಹೆಚ್ಚುಕಡಿಮೆ ತೊಡೆಸಂದಿಯವರೆಗೆ. ಅದನ್ನು ನೋಡಿ ಗಾಬರಿಯಾಗಬೇಡಿ. ಹೊಟ್ಟೆಯ ನಡುವೆ ಬಿಳಿ ಗೆರೆಯೊಂದಿದೆ, ಅಲ್ಲಿ ಸ್ನಾಯು ಇಲ್ಲ, ರಕ್ತವೂ ಕಮ್ಮಿ. ಅಲ್ಲೇ ತೆರೆಯುತ್ತಾರೆ. ಚಿಕ್ಕ ಕಿಂಡಿಯಲ್ಲಿ ಕೈ ತೂರಿಸಿ ಓಟೆ ಹುಡುಕಿದರೆ ಬೇರೆ ಏನೋ ಕಣ್ಣಿಗೆ ಬೀಳದೆ ಉಳಿಯುತ್ತದೆ. ಉದ್ದ ಗಾಯವೂ ಚಿಕ್ಕ ಗಾಯವೂ ವಾಸಿಯಾಗಲು ಹೆಚ್ಚುಕಡಿಮೆ ಅಷ್ಟೇ ದಿನ ಬೇಕು, ಯಾಕೆಂದರೆ ಗಾಯ ಕೂಡುವುದು ಎರಡು ಅಂಚುಗಳ ಕಡೆಯಿಂದ.

ಒಳಗೆ ಹೋದ ಮೇಲೆ ಒಳ್ಳೆಯ ಸರ್ಜನ್ ನೇರವಾಗಿ ಉಬ್ಬಿದ ಕಡೆಗೆ ಕೈ ಹಾಕುವುದಿಲ್ಲ. ಒಂದು ಕ್ರಮ ಇಟ್ಟುಕೊಂಡು ಎಲ್ಲವನ್ನೂ ನೋಡುತ್ತಾರೆ. ಲಿವರ್, ಪಿತ್ತಕೋಶ, ಜಠರ, ಗುಲ್ಮ. ಬಲಗಡೆ ಸಣ್ಣ ಕರುಳಿನ ಮೊದಲ ಭಾಗವನ್ನು ಎತ್ತಿ ಸರಿಸಿದರೆ ಪ್ಯಾಂಕ್ರಿಯಾಸ್, ಬಲ ಕಿಡ್ನಿ ಕಾಣುತ್ತವೆ. ಎಡಗಡೆ ದೊಡ್ಡ ಕರುಳನ್ನು ಸರಿಸಿದರೆ ಎಡ ಕಿಡ್ನಿ. ಆಮೇಲೆ ಮೂರು ನಾಲ್ಕು ಮೀಟರ್ ಉದ್ದದ ಸಣ್ಣ ಕರುಳನ್ನು ಈ ಕೈಯಿಂದ ಆ ಕೈಗೆ ದಾಟಿಸುತ್ತಾ ಇಂಚಿಂಚೂ ಮುಟ್ಟಿ ನೋಡುತ್ತಾರೆ. ಮೂತ್ರಕೋಶ, ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ಬಿಡುವುದಿಲ್ಲ. ಒಂದು ಓಟೆ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬಾರದು. ತೋಟದ ನಾಯಿಯ ಜಠರದಲ್ಲಿ ಎರಡನೆಯದು ಇರಬಹುದು, ಅಲ್ವಾ?

ಓಟೆ ಸಿಕ್ಕಿದ ಜಾಗದ ಮೇಲೆಯೇ ಕುಯ್ಯುವುದಿಲ್ಲ. ಅಲ್ಲಿನ ಗೋಡೆ ಹಿಗ್ಗಿ ನೊಂದಿರುತ್ತದೆ, ಹೊಲಿಗೆ ಹಿಡಿಯುವುದಿಲ್ಲ. ಅದರ ಮುಂದಿನ, ಚೆನ್ನಾಗಿರುವ ಭಾಗದಲ್ಲಿ ಸೀಳಿ, ಓಟೆಯನ್ನು ಮೆಲ್ಲಗೆ ಅಲ್ಲಿಗೆ ತಳ್ಳಿ ತೆಗೆಯುತ್ತಾರೆ. ಹೊಲಿಯುವುದು ತಾನಾಗೇ ಕರಗುವ ನಯವಾದ ದಾರದಲ್ಲಿ. ಕರುಳಿನ ಗೋಡೆಯಲ್ಲಿ ಹಲವು ಪದರಗಳಿವೆ, ಹೊಲಿಗೆಯನ್ನು ಗಟ್ಟಿಯಾಗಿ ಹಿಡಿಯುವುದು ಲೋಳೆಪೊರೆಯ ಕೆಳಗಿನ ಪದರ. ಸೂಜಿ ಅದನ್ನು ತಪ್ಪಿದರೆ ಹೊಲಿಗೆ ನೋಡಲು ಅಂದವಾಗಿದ್ದರೂ ನಿಲ್ಲುವುದಿಲ್ಲ. ಮುಗಿದ ಮೇಲೆ ಒಳಗೆ ಸಲೈನ್ ತುಂಬಿಸಿ ಸೋರುತ್ತದಾ ಅಂತ ನೋಡುತ್ತಾರೆ. ಹೊಟ್ಟೆಯಲ್ಲಿ ಓಮೆಂಟಮ್ ಅನ್ನುವ ಕೊಬ್ಬಿನ ಪರದೆ ಇದೆ, ಅದನ್ನು ಹೊಲಿಗೆಯ ಮೇಲೆ ಹೊದಿಸುತ್ತಾರೆ. ಅದು ರಕ್ತ ತಂದುಕೊಡುತ್ತದೆ, ಸಣ್ಣಪುಟ್ಟ ಸೋರಿಕೆಯನ್ನು ಮುಚ್ಚುತ್ತದೆ. ಬೆಚ್ಚನೆಯ ಸಲೈನ್‌ನಲ್ಲಿ ಹೊಟ್ಟೆ ತೊಳೆದು, ಬಳಸಿದ ಬಟ್ಟೆತುಂಡುಗಳನ್ನು ಎಣಿಸಿ, ಲೆಕ್ಕ ಸರಿಹೋದ ಮೇಲೆಯೇ ಮುಚ್ಚುತ್ತಾರೆ.

ತೆರೆದು ನೋಡಿದರೆ ಏನೂ ಸಿಗಲಿಲ್ಲ ಅಂದುಕೊಳ್ಳಿ. ಆಗಲೂ ಸುಮ್ಮನೆ ಮುಚ್ಚಬಾರದು. ಜಠರ, ಸಣ್ಣ ಕರುಳಿನ ಎರಡು ಮೂರು ಕಡೆ, ಲಿವರ್, ದುಗ್ಧಗ್ರಂಥಿ, ಇಲ್ಲಿಂದೆಲ್ಲ ಚಿಕ್ಕ ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು. ಕಣ್ಣಿಗೆ ಮಾಮೂಲಾಗಿ ಕಾಣುವ ಕರುಳಿನ ಗೋಡೆಯಲ್ಲೂ ದೀರ್ಘಕಾಲದ ಉರಿಯೂತ ಇರಬಹುದು, ಕ್ಯಾನ್ಸರ್‌ನ ಶುರುವೂ ಇರಬಹುದು. ಏನೂ ಸಿಗದಿದ್ದರೆ ಬಯಾಪ್ಸಿ ತೆಗೆಯುತ್ತೀರಾ ಅಂತ ಆಪರೇಷನ್‌ಗೆ ಮುಂಚೆಯೇ ಕೇಳಿ. ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಿಂದ ಆ ಡಾಕ್ಟರ್ ಎಷ್ಟು ಮುಂದಾಲೋಚನೆ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ.

ನಿಮ್ಮ ಕಡೆಯಿಂದಲೂ ಒಂದು ಮಾತು ಮೊದಲೇ ಆಗಬೇಕು. ಕರುಳಿನ ಬಹುಭಾಗ ಸತ್ತಿದ್ದರೆ, ಅಥವಾ ಹರಡಿದ ಗಡ್ಡೆ ಕಂಡರೆ ಏನು ಮಾಡುವುದು? ನಾಯಿ ಅರಿವಳಿಕೆಯಲ್ಲಿ ಇರುವಾಗ ಡಾಕ್ಟರ್ ಫೋನ್ ಮಾಡಿ ಕೇಳುತ್ತಾರೆ. ಮುಂದುವರಿಸಬೇಕಾ, ಎಚ್ಚರಗೊಳಿಸದೆ ನೋವಿಲ್ಲದೆ ಕಳಿಸಿಕೊಡಬೇಕಾ ಅಂತ. ಆ ಹೊತ್ತಿನಲ್ಲಿ ಮನೆಯವರು ಮೊದಲ ಸಲ ಯೋಚಿಸುವಂತೆ ಆಗಬಾರದು. ರಾತ್ರಿಯೇ ಕೂತು ಮಾತಾಡಿಕೊಳ್ಳಿ. ಫೋನ್ ಚಾರ್ಜ್ ಮಾಡಿ ಹತ್ತಿರ ಇಟ್ಟುಕೊಳ್ಳಿ. ಖರ್ಚಿನ ಅಂದಾಜನ್ನೂ ಬರೆಸಿಕೊಳ್ಳಿ. ಬರೀ ಸೀಳಿ ತೆಗೆದರೆ ಎಷ್ಟು, ಕರುಳು ಕತ್ತರಿಸಿ ಸೇರಿಸಿದರೆ ಎಷ್ಟು, ದಿನಕ್ಕೆ ಆಸ್ಪತ್ರೆ ವಾಸಕ್ಕೆ ಎಷ್ಟು ಅಂತ ಬೇರೆ ಬೇರೆ. ಹಣದ ಮಾತಾಡುವುದು ಪ್ರೀತಿ ಕಮ್ಮಿ ಅನ್ನುವುದರ ಗುರುತಲ್ಲ.

ಕೋಲಾರವೋ ಬೆಂಗಳೂರೋ? ಊರಿನ ಹೆಸರಿಗಿಂತ ಅಲ್ಲಿ ಏನಿದೆ ಅಂತ ನೋಡಿ. ಗಂಟಲಿಗೆ ಟ್ಯೂಬ್ ಹಾಕಿ ಆಮ್ಲಜನಕದ ಜೊತೆ ಗ್ಯಾಸ್ ಅರಿವಳಿಕೆ ಕೊಡುತ್ತಾರಾ? ಆಪರೇಷನ್ ಮಾಡುವವರಲ್ಲದೆ, ಉಸಿರು ಮತ್ತು ಬಡಿತ ನೋಡಲು ಇನ್ನೊಬ್ಬರು ಇರುತ್ತಾರಾ? ರಾತ್ರಿ ನಾಯಿಯ ಹತ್ತಿರ ಯಾರಿರುತ್ತಾರೆ? ಕರುಳಿನ ಆಪರೇಷನ್ ಇವರು ಆಗಾಗ ಮಾಡುತ್ತಾರಾ? ಇದಕ್ಕೆಲ್ಲ ಹೌದು ಅನ್ನುವ ಉತ್ತರ ಕೋಲಾರದಲ್ಲೇ ಸಿಕ್ಕಿದರೆ ಅಲ್ಲೇ ಮಾಡಿಸಿ, ಹತ್ತಿರವಿರುವುದೇ ಒಂದು ಲಾಭ. ಇಲ್ಲವಾದರೆ ಬೆಂಗಳೂರಿಗೆ ಹೊರಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ಅದರ ಆಸ್ಪತ್ರೆಯಲ್ಲಿ ಸರ್ಜರಿ ವಿಭಾಗವಿದೆ. ನಿಮ್ಮೂರಿಂದ ಸುಮಾರು ನೂರು ಕಿಲೋಮೀಟರ್. ಹೊರಡುವ ಮುಂಚೆ ಫೋನ್ ಮಾಡಿ, ಆ ಹೊತ್ತಿನಲ್ಲಿ ಸರ್ಜನ್ ಇದ್ದಾರಾ ಅಂತ ಖಾತ್ರಿ ಮಾಡಿಕೊಳ್ಳಿ. ಅಲ್ಲಿ ತಡವಾಗುವುದಾದರೆ ನಗರದ ಖಾಸಗಿ ಆಸ್ಪತ್ರೆಗಳನ್ನು ವಿಚಾರಿಸಿ. ಡ್ರಿಪ್ ಮಾತ್ರ ಕೋಲಾರದಲ್ಲೇ ಶುರುವಾಗಲಿ. ಒಣಗಿದ ದೇಹದ ನಾಯಿಯನ್ನು ಎರಡು ಮೂರು ಗಂಟೆ ಕಾರಿನಲ್ಲಿ ಹಾಗೇ ಕೂರಿಸಬೇಡಿ. ಎಕ್ಸ್‌ರೇ, ರಿಪೋರ್ಟ್‌ಗಳನ್ನೆಲ್ಲ ಜೊತೆಗೆ ತೆಗೆದುಕೊಂಡು ಹೋಗಿ. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ವಾಹನ ಹಳ್ಳಿಯ ದನಕರುಗಳಿಗೆ ದೊಡ್ಡ ಆಸರೆ, ಆದರೆ ನಾಯಿಯ ಹೊಟ್ಟೆ ಆಪರೇಷನ್‌ಗೆ ಅದನ್ನು ಕಾಯುತ್ತಾ ಕೂರಬೇಡಿ.

ಬ್ರೂನೊನ ವಿಷಯದ ನಡುವೆ ಬೇರೆ ಓದುಗರಿಗಾಗಿ ಒಂದೆರಡು ಮಾತು. ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಮನೆಗಳಲ್ಲಿ ಬೆಕ್ಕು ಸಾಕಿದವರು ದಾರದ ಬಗ್ಗೆ ಹುಷಾರಾಗಿರಿ. ಬೆಕ್ಕು ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು, ಉಳಿದದ್ದು ಕರುಳಿಗೆ ಇಳಿಯುತ್ತದೆ. ಲಂಗದ ಲಾಡಿ ಎಳೆದಂತೆ ಕರುಳೆಲ್ಲ ನೆರಿಗೆ ಕಟ್ಟುತ್ತದೆ. ದಾರ ಬಿಗಿಯುತ್ತಾ ಕರುಳಿನ ಗೋಡೆಯನ್ನು ಕೊಯ್ಯುತ್ತದೆ. ಬಾಯಲ್ಲಾಗಲಿ ಗುದದಲ್ಲಾಗಲಿ ದಾರ ಕಂಡರೆ ಎಳೆಯಬೇಡಿ, ಹಾಗೇ ಆಸ್ಪತ್ರೆಗೆ ತನ್ನಿ. ವಾಂತಿ ಮಾಡುವ ಬೆಕ್ಕಿನ ನಾಲಿಗೆ ಎತ್ತಿ ನೋಡಿ ಅಂತ ಡಾಕ್ಟರಿಗೆ ನೀವೇ ಕೇಳಬಹುದು.

ಜರ್ಮನ್ ಶೆಫರ್ಡ್, ಗ್ರೇಟ್ ಡೇನ್, ಡಾಬರ್‌ಮನ್‌ನಂಥ ಆಳ ಎದೆಯ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಜಾಸ್ತಿ. ಹೊಟ್ಟೆ ಊದಿ, ವಾಂತಿಗೆ ಒದ್ದಾಡಿದರೂ ಏನೂ ಬರದಿದ್ದರೆ ಅದು ಗಂಟೆಗಳ ಲೆಕ್ಕ. ಗರ್ಭಕೋಶ ತೆಗೆಸದ ಹೆಣ್ಣು ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿದು ಊಟ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇವೆರಡೂ ಹೊಟ್ಟೆ ತೆರೆಯಲೇಬೇಕಾದ ಕಾಯಿಲೆಗಳು.

ಆಪರೇಷನ್ ಆಯಿತು, ಬ್ರೂನೊ ಎದ್ದ ಅಂದುಕೊಳ್ಳೋಣ. ಮನೆಯವರು ಆಗ ಮಾಡುವ ಒಂದು ತಪ್ಪು, ಹೊಲಿಗೆ ಬಿಚ್ಚೀತು ಅಂತ ದಿನಗಟ್ಟಲೆ ಉಪವಾಸ ಕೆಡವುವುದು. ಕರುಳು ವಾಸಿಯಾಗಲು ಕರುಳಿಗೇ ಊಟ ಬೇಕು. ವಾಂತಿ ಇಲ್ಲದಿದ್ದರೆ ಎಚ್ಚರವಾದ 12ರಿಂದ 24 ಗಂಟೆಯೊಳಗೆ ಮೊದಲು ಸ್ವಲ್ಪ ನೀರು, ಆಮೇಲೆ ಮೆತ್ತಗೆ ಬೆಂದ ಅನ್ನ, ಚರ್ಮ ತೆಗೆದ ಕೋಳಿ, ಚಿಕ್ಕ ಚಿಕ್ಕ ಪಾಲಿನಲ್ಲಿ ದಿನಕ್ಕೆ ನಾಲ್ಕೈದು ಸಲ. ನಿಮ್ಮ ಡಾಕ್ಟರ್ ಹೇಳಿದ ಅಳತೆಯಲ್ಲೇ ಕೊಡಿ. ಮೂಳೆ, ಮುದ್ದೆ, ಎಣ್ಣೆ ತಿಂಡಿ ಬೇಡ.

ಮೂರರಿಂದ ಐದನೇ ದಿನದವರೆಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಕರುಳಿನ ಹೊಲಿಗೆ ಬಿಚ್ಚುವುದಾದರೆ ಹೆಚ್ಚಾಗಿ ಆಗಲೇ. ಮೊದಲ ದಿನಗಳಲ್ಲಿ ಗಾಯ ನಿಲ್ಲುವುದು ದಾರದ ಬಲದಲ್ಲಿ, ಹೊಸ ಅಂಗಾಂಶ ಬಲಿಯುವುದು ಆಮೇಲೆ. ನಡುವಿನ ಆ ದಿನಗಳಲ್ಲಿ ಗಾಯದ ಬಲ ಕಮ್ಮಿ ಇರುತ್ತದೆ. ಎರಡು ದಿನ ಚೆನ್ನಾಗಿ ತಿಂದ ನಾಯಿ ಮೂರನೇ ದಿನ ಊಟ ಬಿಟ್ಟರೆ, ಮತ್ತೆ ವಾಂತಿ ಶುರುವಾದರೆ, ಜ್ವರ ಬಂದರೆ, ಹೊಟ್ಟೆ ಮುಟ್ಟಿದರೆ ನರಳಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅರ್ಧರಾತ್ರಿಯಾದರೂ ಫೋನ್ ಮಾಡಿ. ಎಲ್ಲವೂ ಸರಿಯಿದ್ದರೆ ಚರ್ಮದ ಹೊಲಿಗೆಯನ್ನು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಕುತ್ತಿಗೆಯ ಕೋನ್ ತೆಗೆಯಬೇಡಿ. ಪಾಪ ಅಂತ ಒಂದು ಗಂಟೆ ತೆಗೆದ ಮನೆಗಳಲ್ಲೇ ನಾಯಿ ಹೊಲಿಗೆ ಕಿತ್ತುಕೊಳ್ಳುವುದು. ಸ್ನಾನ, ತೋಟದಲ್ಲಿ ಓಟ, ಜೀಪಿನ ಹಿಂದೆ ಹಾರುವುದು ಯಾವುದೂ ಬೇಡ.

ಒಮ್ಮೆ ಓಟೆ ನುಂಗಿದ ಲ್ಯಾಬ್ರಡಾರ್ ಮುಂದಿನ ಸುಗ್ಗಿಯಲ್ಲೂ ನುಂಗುತ್ತದೆ. ತೋಟದಲ್ಲಿ ಬಿಡುವಾಗ ಉಸಿರಾಡಲು, ನೀರು ಕುಡಿಯಲು ಬರುವಂಥ ಜಾಲರಿ ಬಾಯಿಕುಕ್ಕೆ ಹಾಕಿ. ಕೆಲಸದವರು ಊಟ ಮಾಡಿ ಓಟೆ ಎಸೆಯುವ ಜಾಗಕ್ಕೆ ಮುಚ್ಚಳದ ಡಬ್ಬ ಇಡಿ. ಕಣ್ಣೆದುರೇ ನುಂಗಿದ್ದು ಕಂಡರೆ ಗಂಟೆ ನೋಡಿಕೊಂಡು, ತಿನ್ನಲು ಏನೂ ಕೊಡದೆ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ, ವಾಪಸ್ ಬರುವ ಓಟೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದು ಕರುಳಿಗಿಂತ ಕಷ್ಟದ ಜಾಗ. ಇನ್ನೂ ಜಠರದಲ್ಲೇ ಇರುವ ಆ ಮೊದಲ ಕೆಲವು ಗಂಟೆಗಳಲ್ಲಿ ಎಂಡೋಸ್ಕೋಪ್ ಇರುವ ಆಸ್ಪತ್ರೆ ತಲುಪಿದರೆ, ಹೊಟ್ಟೆ ತೆರೆಯದೆಯೇ ಕೆಲಸ ಆಗಬಹುದು.